ಕೈಗಡ ತಂದ ವಯಸ್ಸು

ಕರ್ಮಗಳೆಲ್ಲ ಮುಗಿದು, ನೆಂಟರು ತಮ್ಮ ತಮ್ಮ ಚೀಲ ಚಪ್ಪಲಿ ಹುಡುಕಿಕೊಂಡು ಹೊರಟುಹೋದ ಮರುದಿನ ಬೆಳಿಗ್ಗೆ ಚಹಾಕ್ಕೆ ನೀರಿಟ್ಟೆ. ನೀರು ಕುದಿ ಬಂದಾಗ ಚಮಚದಿಂದ ಪಾತ್ರೆಯ ಅಂಚಿಗೆ ಟಣ್ ಟಣ್ ಎಂದು ಎರಡು ಸಲ ಬಡಿದೆ. ಹಾಗೆ ಬಡಿಯುವುದು ನನ್ನ ಅಭ್ಯಾಸವಲ್ಲ, ನನ್ನ ಗಂಡ ಮೈಲಾರಿಯದು. ಅವನು ಊಟದ ಡಬ್ಬಿ ತೆರೆಯುವ ಮುಂಚೆ ಬಡಿಯುತ್ತಿದ್ದ, ಲಾರಿ ಹತ್ತುವ ಮುಂಚೆ ಬಾಗಿಲಿಗೆ ಬಡಿಯುತ್ತಿದ್ದ, ಮದುವೆಯ ದಿನ ನಾನು ಕೊಟ್ಟ ಹಾಲಿನ ಲೋಟಕ್ಕೂ ಬಡಿದು ನಗಿಸಿದ್ದ. ಜ್ವರವೆಂದು ಮಲಗಿದವನು ಏಳಲಿಲ್ಲ. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಚಹಾ ಸೋಸಲು ಬಗ್ಗಿದಾಗ ಮೊಣಕಾಲು ಲಟಕ್ಕೆಂದಿತು. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ನಾದಿನಿ ರುದ್ರಿ ಕಣ್ಣರಳಿಸಿದಳು.

"ವೈನಿ, ಸ್ವಲ್ಪ ಹಿಂಗ ತಿರುಗ್ರಿ."

ತಿರುಗಿದೆ. ಕಿವಿಯ ಹತ್ತಿರದ ಕೂದಲನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದಳು. "ಬಂದಾವ! ಅಣ್ಣ ತಂದಿದ್ದ ವರ್ಷ ನಿಮ್ಮ ಮೈಗೆ ಬಂದಾವ!"

"ಬಹಳ ಬೆಳ್ಳಗಾಗೇತೇನ?"

"ನಾಲ್ಕೈದು ಕೂದಲಾ ಅಷ್ಟ. ಛಲೋ ಕಾಣಸ್ತೀರಿ. ಸಾಲಿ ಹೆಡ್ ಬಾಯಾರ ಹಂಗ."

ನಮ್ಮ ಊರಿನಿಂದ ಹೊರಗೆ ಹೋಗಲು ಇರುವುದು ಒಂದೇ ದಾರಿ. ಆ ದಾರಿಗೊಂದು ಗೇಟು. ಅದನ್ನು ಕಾಯುವವರು ಯಾರೂ ಇಲ್ಲ. ಬಸ್ಸು, ಬೈಕು, ಎಮ್ಮೆ ಯಾವುದಕ್ಕೂ ಅದು ಅಡ್ಡಿ ಮಾಡುವುದಿಲ್ಲ. ಲಾರಿ ಬಂದರೆ ಮಾತ್ರ ಸ್ಟಿಯರಿಂಗಿನ ಹಿಂದೆ ಕೂತವರ ವಯಸ್ಸು ನೋಡುತ್ತದೆ. ಇಪ್ಪತ್ತೊಂದು ತುಂಬಿದ್ದರೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ಮೀಸೆ ಅಂಟಿಸಿಕೊಂಡು ಹೋದ ಹುಡುಗರಿದ್ದಾರೆ. ಅಪ್ಪನ ಕೋಟು ಹಾಕಿಕೊಂಡು, ಎಲೆಯಡಿಕೆ ಜಗಿಯುತ್ತ ಹೋದವರಿದ್ದಾರೆ. ಒಬ್ಬ ಗೇಟಿಗೆ ಹಾರ ಹಾಕಿ ಕಾಯಿ ಒಡೆದ. ಗೇಟು ಕಾಯಿಗೂ ಏಳಲಿಲ್ಲ.

ಅದಕ್ಕೇ ನಮ್ಮಲ್ಲಿ ವಯಸ್ಸನ್ನು ಕೈಗಡ ತರುತ್ತಾರೆ. ದನದ ಸಂತೆಯಲ್ಲಿ ದಲಾಲರು ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಮಾಡುತ್ತಾರಲ್ಲ, ಹಾಗೆಯೇ. ಬೇಕಾದವರು ಟವೆಲ್ ಹಾಸುತ್ತಾರೆ. ಕೊಡುವವರು ಅದರ ಕೆಳಗೆ ಕೈ ತೂರಿಸಿ ಎಷ್ಟು ಬೆರಳು ಹಿಡಿಯುತ್ತಾರೋ ಅಷ್ಟು ವರ್ಷ ಆಚೆ ಹೋಗುತ್ತವೆ. ಕೊಟ್ಟವರು ಅಷ್ಟು ಚಿಕ್ಕವರಾಗುತ್ತಾರೆ, ತಂದವರು ಅಷ್ಟು ದೊಡ್ಡವರಾಗುತ್ತಾರೆ. ಬಾಯಿ ಬಿಡುವಂತಿಲ್ಲ. ಯಾರು ಕೊಟ್ಟರು, ಯಾರಿಗೆ ಕೊಟ್ಟರು ಎನ್ನುವುದು ಟವೆಲ್ಲಿನ ಕೆಳಗೇ ಉಳಿಯಬೇಕು. ಕೊಟ್ಟವರು ತಿರುಗಿ ಕೇಳುವುದಂತೂ ನಾಚಿಕೆಗೇಡು. ತಂದವರು ತಮ್ಮ ಸ್ವಂತ ವಯಸ್ಸು ತುಂಬಿದ ಮೇಲೆ ತಾವಾಗಿಯೇ ಟವೆಲ್ ಹಾಸಿ ಬೆರಳು ಚಾಚಬೇಕು; ಕೊಟ್ಟಿದ್ದವರು ಎಷ್ಟು ಹಿಡಿಯುತ್ತಾರೋ ಅಷ್ಟು ಹಿಂದಿರುಗುತ್ತವೆ.

ಹೊರಗಿನವರಿಗೆ ಇದು ವಿಚಿತ್ರ ಕಾಣುತ್ತದಂತೆ. ನಾವು ಹೊಂದಿಕೊಂಡಿದ್ದೇವೆ. ನಮ್ಮಲ್ಲಿ ಹೆಣ್ಣಿನ ಕಡೆಯವರು ಹುಡುಗನಿಗೆ ಎಷ್ಟು ವಯಸ್ಸು ಎಂದು ಕೇಳುವುದಿಲ್ಲ, ಅದರಲ್ಲಿ ಸ್ವಂತದ್ದು ಎಷ್ಟು ಎಂದು ಕೇಳುತ್ತಾರೆ. ನಮ್ಮ ಓಣಿಯ ಸಂಗವ್ವಜ್ಜಿ ಮೊಮ್ಮಕ್ಕಳಿಗೆಲ್ಲ ಕೊಟ್ಟೂ ಕೊಟ್ಟೂ ಈಗ ಹಲ್ಲಿನಿಂದ ಕಬ್ಬು ಸಿಗಿಯುವಷ್ಟು ಚಿಕ್ಕವಳಾಗಿದ್ದಾಳೆ. ಅವಳ ಗಂಡ ಅವಳನ್ನು ಮಾತಾಡಿಸಲು ಆಚೀಚೆ ನೋಡುತ್ತಾನೆ.

ಮೈಲಾರಿ ಹದಿನೆಂಟಕ್ಕೇ ಲಾರಿ ಹತ್ತಿದ. ಮೂರು ವರ್ಷ ಕೈಗಡ ಎಂದು ಮದುವೆಗೆ ಮೊದಲೇ ನಮ್ಮ ಅಪ್ಪನಿಗೆ ಹೇಳಿದ್ದ. ಯಾರಿಂದ ಎಂದು ನನಗೂ ಹೇಳಲಿಲ್ಲ. ಯಾವಾಗ ಕೊಡುತ್ತೀ ಎಂದರೆ "ಈ ಹಂಗಾಮು ಮುಗೀಲಿ" ಎನ್ನುತ್ತಿದ್ದ. ಮೆಣಸಿನಕಾಯಿ ಹಂಗಾಮು ಮುಗಿಯುವಷ್ಟರಲ್ಲಿ ಶೇಂಗಾ ಹಂಗಾಮು ಬರುತ್ತಿತ್ತು.

ಸತ್ತವರ ಸ್ವಂತ ವರ್ಷಗಳು ಅವರ ಜೊತೆಗೇ ಹೋಗುತ್ತವೆ. ಕೈಗಡದವು ಹೋಗುವುದಿಲ್ಲ. ಹೆಂಡತಿಯ ಮೈಗೋ ಗಂಡನ ಮೈಗೋ ಬಂದು ಕೂರುತ್ತವೆ; ಕೈ ಬದಲಾಯಿಸಿದ ವರ್ಷದ ಜೊತೆ ಒಂದೆರಡು ಅಭ್ಯಾಸವೂ ಬರುತ್ತದೆ. ಇಪ್ಪತ್ತೈದರವಳು ಇಪ್ಪತ್ತೆಂಟರವಳಾಗಿ ನಾನು ಚಹಾ ಕುಡಿದೆ.

ಎದುರಿಗೆ ರುದ್ರಿ ಕುಡಿಯದೆ ಕೂತಿದ್ದಳು. "ವೈನಿ, ನನಗ ಹದಿನೆಂಟು," ಎಂದಳು.

"ಗೊತ್ತೈತಿ."

"ಹದಿನೆಂಟಕ್ಕ ಮೂರು ಕೂಡಸ್ರಿ."

ಕೂಡಿಸಬೇಕಾಗಿರಲಿಲ್ಲ. ರುದ್ರಿಗೆ ಲಾರಿಯ ಹುಚ್ಚು. ಅಣ್ಣನಿಗಿಂತ ಚೆನ್ನಾಗಿ ರಿವರ್ಸ್ ತೆಗೆಯುತ್ತಾಳೆ. ವಯಸ್ಸು ಕೇಳಿಕೊಂಡು ಊರಿನ ಅಜ್ಜ ಅಜ್ಜಿಯರ ಮನೆ ಬಾಗಿಲಿಗೆಲ್ಲ ಟವೆಲ್ ಹಿಡಿದು ಹೋಗಿ ಬಂದಿದ್ದಳು. ಲಗ್ನಕ್ಕೆ ಬೇಕಾದರೆ ಕೊಡುತ್ತೇವೆ, ಲಾರಿಗೆ ಕೊಡುವುದಿಲ್ಲ ಎಂದಿದ್ದರು.

ಆಗ ಗದಿಗೆಪ್ಪ ಕಾಕಾ ಬಂದರು. ಮೈಲಾರಿಯ ಚಿಕ್ಕಪ್ಪ. ಲಾರಿಯಲ್ಲಿ ಅರ್ಧ ಪಾಲು ಅವರದು. ಅವರಿಗೆ ಕಣ್ಣು ಮಂಜಾಗಿ ಸ್ಟಿಯರಿಂಗ್ ಬಿಟ್ಟು ಬಹಳ ಕಾಲವಾಗಿತ್ತು. ಕೂತು, ನೀರು ಕುಡಿದು, ನೆಲ ನೋಡುತ್ತ ಹೇಳಿದರು. "ಸೋಮವಾರ ಒಬ್ಬಾವ ಲಾರಿ ನೋಡಾಕ ಬರ್ತಾನವಾ. ಬ್ಯಾರೇದವರ ಕೈಯಾಗ ಕೊಟ್ಟು ಓಡಸೂದು ನನಗ ಸರಿ ಬರೂದಿಲ್ಲ. ಮನ್ಯಾಗ ಗೇಟ್ ಏಳಸೂ ಮಂದಿ ಇಲ್ಲಂದಮ್ಯಾಲ ಲಾರಿ ಇಟ್ಕೊಂಡು ಏನ್ ಮಾಡೂದು? ಕೋಳಿ ಕೂಡ್ರಸೂದು?"

"ಸೋಮವಾರದೊಳಗ ಗೇಟ್ ಏಳಸಿದ್ರ?" ಎಂದಳು ರುದ್ರಿ.

"ನೀನು?" ಕಾಕಾ ನಕ್ಕರು. "ಏಳಸು. ಆವಾಗ ಮಾರಿದ್ರ ನನ್ನ ಹೆಸರು ಕರೀಬ್ಯಾಡ."

ಅವರು ಹೋದದ್ದೇ ತಡ ರುದ್ರಿ ಒಗೆದ ಟವೆಲ್ ತಂದು ನನ್ನ ತೊಡೆಯ ಮೇಲೆ ಹಾಸಿದಳು. ನಾನು ಕೈ ತೂರಿಸಿದೆ. ಅವಳ ಬೆರಳು ಬೆಚ್ಚಗಿದ್ದವು. ಹಿಡಿಯಬೇಕು ಎನ್ನುವಷ್ಟರಲ್ಲಿ ಕೈ ಹಿಂದಕ್ಕೆ ಬಂತು.

"ಯಾರವು ಅಂತ ಮೊದಲ ಗೊತ್ತಾಗಲಿ ರುದ್ರಿ. ಬ್ಯಾರೇದವರ ವಸ್ತು ಅವರನ್ನ ಕೇಳದ ಹೆಂಗ ಕೊಡೂದು?"

"ಕೇಳಿದ್ರ ಯಾರರ ಹೇಳ್ತಾರೇನ್ರಿ? ಟವೆಲ್ ಕೆಳಗಿನ ಮಾತು!"

"ಹುಡುಕೋಣು."

"ಇದಕ್ಕ ಅಂತಾರ ನೋಡ್ರಿ, ಹೆಂಗಸರು ಎಂ.ಎ. ಕಲೀಬಾರದು ಅಂತ."

ನಾನು ಓದಿದ್ದು ಇತಿಹಾಸ. ಯಾವುದಕ್ಕೂ ಮೂಲ ಯಾವುದು ಎಂದು ಕೇಳುವುದನ್ನು ಅಲ್ಲಿ ಕಲಿಸಿದ್ದರು. ಅವಳಿಗೂ ಹಾಗೆಂದೇ ಹೇಳಿದೆ. ಆದರೆ ಕೈ ಹಿಂದೆ ಬಂದದ್ದು ಇತಿಹಾಸಕ್ಕಾಗಿ ಅಲ್ಲ. ಮನೆಯಲ್ಲಿ ಅವನ ಅಂಗಿಗಳಿದ್ದವು, ಬಾಚಣಿಕೆ ಇತ್ತು. ನನ್ನ ಮೈಯೊಳಗೆ ಅವನದೆಂದು ಇದ್ದದ್ದು ಆ ಟಣ್ ಟಣ್ ಒಂದೇ.

ಮಧ್ಯಾಹ್ನ ರುದ್ರಿ ಲಾರಿ ತೆಗೆದಳು. ಗೇಟಿನ ಒಳಗೆ ಯಾರು ಓಡಿಸಿದರೂ ನಮ್ಮೂರಲ್ಲಿ ಕೇಳುವವರಿಲ್ಲ. ನಿಂತು ನಿಂತು ಬ್ಯಾಟರಿ ಇಳಿಯುತ್ತದೆ, ಒಂದು ಸುತ್ತು ಹಾಕಿ ಬರೋಣ ಎಂದಳು. ಸುತ್ತು ಹಾಕಿದ್ದು ನೇರ ಗೇಟಿನ ಹತ್ತಿರಕ್ಕೆ. ಅಲ್ಲಿ ಇಳಿಜಾರಿನ ಅಂಚಿನಲ್ಲಿ ಅಕ್ಕತಂಗಿಯರ ಮಿರ್ಚಿ ಅಂಗಡಿ. ಊರು ಬಿಡುವ ಪ್ರತಿ ಡ್ರೈವರೂ ಅಲ್ಲಿ ಒಂದು ಪ್ಲೇಟ್ ತಿಂದೇ ಹೋಗುತ್ತಾನೆ. ನಾನು ಮದುವೆಯಾಗಿ ಬಂದಮೇಲೆ ಪೊಟ್ಟಣದಲ್ಲಿ ಬಂದ ಮಿರ್ಚಿ ತಿಂದಿದ್ದೆನೇ ಹೊರತು ಅಂಗಡಿಗೆ ಹೋಗಿರಲಿಲ್ಲ.

ಅಕ್ಕ ಈರವ್ವ ಸ್ಟೂಲಿನ ಮೇಲೆ ಕೂತು ಹೇಳುತ್ತಾಳೆ, ತಂಗಿ ಬಾಳವ್ವ ಒಲೆಯ ಮುಂದೆ ನಿಂತು ಮಾಡುತ್ತಾಳೆ. ನಾನು ತಿಳಿದದ್ದು ಅಷ್ಟು.

"ಬಾಳೀ, ಹಿಟ್ಟು ತೆಳ್ಳಗಾತು. ಬಾಳೀ, ಉಳ್ಳಾಗಡ್ಡಿ ಎಲ್ಲಿ? ಬಾಳೀ, ಮೈಲಾರಿ ಹೇಂತಿ ಬಂದಾಳ, ಬೆಂಚ್ ಒರಸು," ಎಂದಳು ಈರವ್ವ.

ಬಾಳವ್ವ ಬೆಂಚು ಒರೆಸಿ, ನನ್ನ ಮುಖ ನೋಡಿ, ಒಲೆಗೆ ಹೋದಳು. ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದುವ ಮುಂಚೆ ಜಾಲರಿ ಸೌಟಿನಿಂದ ಬಾಣಲೆಯ ಅಂಚಿಗೆ ಎರಡು ಸಲ ಬಡಿದಳು.

ನಾನು ರುದ್ರಿಯನ್ನು ನೋಡಿದೆ. ಅವಳೂ ಕೇಳಿಸಿಕೊಂಡಿದ್ದಳು. ಕೂಡಲೇ ಗೇಟಿನ ಕಡೆ ಮುಖ ಮಾಡಿದಳು. "ನನಗೇನೂ ಕೇಳಸ್ಲಿಲ್ರಿ ವೈನಿ. ನಿಮಗೂ ಕೇಳಸಿಲ್ಲ. ತಿಂದು ಹೋಗೋಣ."

"ಬಾಳವ್ವ," ಎಂದೆ ನಾನು. "ನೀವು ಹುಟ್ಟಾ ತಂಗಿನ?"

ಅಂಗಡಿಯಲ್ಲಿ ಮಿರ್ಚಿ ಅಗಿಯುವ ಸದ್ದು ನಿಂತಿತು. ಅಂಥ ಪ್ರಶ್ನೆ ಕೇಳಬಾರದು. ಮೂಲೆಯಲ್ಲಿ ಕೂತಿದ್ದ ಗದಿಗೆಪ್ಪ ಕಾಕಾ ಕೆಮ್ಮಿದರು.

"ನಾ ಯಾರಿಗೂ ಏನೂ ಕೊಟ್ಟಿಲ್ಲವಾ," ಎಂದಳು ಬಾಳವ್ವ, ಪದ್ಧತಿಯಂತೆ. "ತಂಗಿ ಆಗಿರೂದು ಸುಖ ಐತಿ. ಎಲ್ಲಾ ಅಕೀನ ನೋಡ್ಕೋತಾಳ."

"ಹುಟ್ಟಿದ್ದು ಅಕೀನ ಮೊದಲು," ಎಂದಳು ಈರವ್ವ ಸ್ಟೂಲಿನಿಂದ. "ನನ್ನ ಎತ್ತಿ ಆಡಿಸ್ಯಾಳ. ಆದ್ರ ಏನ್ ಮಾಡೂದು? ಒಂದಿನ ಮುಂಜಾನೆ ಎದ್ದು ನೋಡ್ತೀನಿ, ನನಗಿಂತ ಒಂದು ವರ್ಷ ಸಣ್ಣಾಕಿ ಆಗಿ ಕೂತಾಳ. ಯಾವ ಪುಣ್ಯಾತ್ಮಗ ಕೊಟ್ಟಾಳೋ! ಅಂದಿನಿಂದ ಈ ಅಂಗಡಿ ಭಾರ ಎಲ್ಲಾ ನನ್ನ ತಲಿ ಮ್ಯಾಲ."

"ಭಾರ ಸ್ಟೂಲಿನ ಮ್ಯಾಲ ಐತಿ," ಎಂದರು ಕಾಕಾ. ಎಲ್ಲರೂ ನಕ್ಕರು. ಈರವ್ವನೂ ನಕ್ಕಳು, ಸ್ಟೂಲು ಕಿರುಗುಟ್ಟಿತು.

ಅಷ್ಟರಲ್ಲಿ ಒಂದು ಬಸ್ಸು ಬಂದು ನಿಂತಿತು. ಕಿಟಕಿಯಿಂದ ಯಾರೋ ಪರ ಊರಿನವನು ಕೂಗಿದ. "ಅಕ್ಕಾ, ಎರಡು ಪ್ಲೇಟ್!"

ಬಾಳವ್ವನ ತಲೆ ಚಟ್ಟನೆ ಮೇಲೆದ್ದಿತು. ಬಾಯಿ ಅರ್ಧ ತೆರೆಯಿತು. ಆಮೇಲೆ ಅವಳು ಬಾಯಿ ಮುಚ್ಚಿ ಹಿಟ್ಟಿನ ಪಾತ್ರೆಗೆ ಬಗ್ಗಿದಳು.

"ಬಂತಪಾ!" ಎಂದು ಈರವ್ವ ಉತ್ತರ ಕೊಟ್ಟಳು.

ರುದ್ರಿ ತಿನ್ನುತ್ತಿದ್ದ ಮಿರ್ಚಿಯನ್ನು ಪ್ಲೇಟಿಗೆ ಹಾಕಿ ಎದ್ದಳು. "ನೀವು ಯಾಕರ ಕೇಳಿದ್ರಿ ವೈನಿ," ಎಂದಳು. ಕಣ್ಣು ತುಂಬಿತ್ತು. "ಈಗ ನಾ ಹೆಂಗ ಇಸ್ಕೊಳ್ಳಿ?" ಹೋಗಿ ಲಾರಿ ಹತ್ತಿ, ಸ್ಟಾರ್ಟ್ ಮಾಡಿ, ಬಸ್ಸು ಹೋದದ್ದೇ ತಡ ಗೇಟಿಗೆ ಮೂಗು ತಾಗುವಷ್ಟು ಹತ್ತಿರ ತಂದು ನಿಲ್ಲಿಸಿದಳು. ತನ್ನ ಸ್ವಂತ ಹದಿನೆಂಟನ್ನು ಇಟ್ಟುಕೊಂಡು ಗೇಟನ್ನು ದುರುಗುಟ್ಟಿ ನೋಡಿದಳು. ಹಾರ್ನ್ ಬಾರಿಸಿದಳು. ಗೇಟು ಮಲಗಿತ್ತು.

"ಜೋಗುಳ ಹಾಡಿದಂಗಾತು, ಇನ್ನಷ್ಟು ಮಲಗ್ತೈತಿ," ಎಂದ ಒಬ್ಬ ಡ್ರೈವರ್.

"ಹದಿನೆಂಟು ಅಂದ್ರ ಗೇಟ್ ಕಣ್ಣಿಗೆ ತೊಟ್ಟಿಲ ಕೂಸು, ತಂಗೀ," ಎಂದ ಇನ್ನೊಬ್ಬ. ಅವನೂ ಕೈಗಡದವನೇ ಎಂದು ಹುಡುಗಮುಖದ ಕೆಳಗಿನ ದೊಡ್ಡ ಹೊಟ್ಟೆ ನೋಡಿದರೆ ತಿಳಿಯುತ್ತಿತ್ತು.

ಲಾರಿ ಇಳಿಜಾರಿನಲ್ಲಿ ನಿಂತಿತ್ತು. ಕೈ ಬ್ರೇಕು ಹಿಡಿಯುತ್ತಿರಲಿಲ್ಲ. ರುದ್ರಿ ಕಾಲು ಬ್ರೇಕಿನ ಮೇಲಿಟ್ಟುಕೊಂಡೇ ಕಿಟಕಿಯಿಂದ ಕರೆದಳು. "ವೈನೀ, ಬರ್ರಿ ಇಲ್ಲೆ. ನಾ ಗಾಲಿಗೆ ಕಲ್ಲು ಕೊಟ್ಟು ಬರ್ತೀನಿ. ಅಲ್ಲೀತನ ಈ ಬ್ರೇಕ್ ಮ್ಯಾಲ ಕಾಲಿಟ್ಟು ಕೂಡ್ರಿ. ಇನ್ನೇನೂ ಮುಟ್ಟಬ್ಯಾಡ್ರಿ."

ಬಾಗಿಲಿಗೆ ಎರಡು ಸಲ ಬಡಿದು ಹತ್ತಿದೆ. ಅವಳ ಕಾಲಿನ ಪಕ್ಕದಲ್ಲಿ ನನ್ನ ಕಾಲಿಟ್ಟೆ. ಅವಳು ಆಚೆ ಬಾಗಿಲಿನಿಂದ ಇಳಿದಳು. ನಾನು ಸರಿದು ಸ್ಟಿಯರಿಂಗಿನ ಹಿಂದೆ ಸರಿಯಾಗಿ ಕೂತೆ.

ಗೇಟು ಎದ್ದಿತು. ಅದು ಸದ್ದಿಲ್ಲದೆ, ಬಹಳ ಹೊತ್ತಿನಿಂದ ಕಾಯುತ್ತಿದ್ದವರು ಏಳುವ ಹಾಗೆ ಎದ್ದು ನಿಂತಿತು. ಎದುರಿಗೆ ದಾರಿ ಇಳಿದು, ತಿರುಗಿ, ದೂರದ ಬಯಲಿಗೆ ಸೇರುವುದು ಕಾಣಿಸಿತು. ಮೈಲಾರಿ ದಿನವೂ ನೋಡುತ್ತಿದ್ದದ್ದು ಇದು. ನಾನು ಬ್ರೇಕ್ ಬಿಡಲಿಲ್ಲ.

ರುದ್ರಿ ಕಲ್ಲು ಹಿಡಿದುಕೊಂಡೇ ನಿಂತಿದ್ದಳು. ಗೇಟು ನೋಡಿದಳು. ನನ್ನನ್ನು ನೋಡಿದಳು. ಆಮೇಲೆ ನಗಲು ಶುರುಮಾಡಿದಳು. ಕಲ್ಲನ್ನು ಗಾಲಿಗೆ ಇಟ್ಟ ಮೇಲೂ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು ನಕ್ಕಳು.

"ಅಯ್ಯ ನನ್ನ ವೈನೀ! ನಿಮಗ ಇಪ್ಪತ್ತೈದು ಸ್ವಂತದ್ದ ಅದಾವಲ್ರಿ! ಮನ್ಯಾಗ ಇಟ್ಕೊಂಡು ನಾ ಊರೆಲ್ಲಾ ಟವೆಲ್ ಹಾಸೀನಿ!"

"ನನಗ ಸೈಕಲ್ಲೂ ಬರೂದಿಲ್ಲ," ಎಂದೆ.

"ಗೇಟ್ ಅದನ್ನ ಕೇಳಿಲ್ಲ."

ಅಂಗಡಿಯವರೆಲ್ಲ ಎದ್ದು ಬಂದಿದ್ದರು. ಗದಿಗೆಪ್ಪ ಕಾಕಾ ಕಣ್ಣು ಕಿರಿದು ಮಾಡಿ ಎದ್ದ ಗೇಟನ್ನೂ ಮೇಲೆ ಕೂತ ನನ್ನನ್ನೂ ನೋಡಿದರು. ಅವರಿಗೆ ಎರಡೂ ಮಂಜಾಗಿಯೇ ಕಂಡಿರಬೇಕು. "ಮೊದಲ ಕಲೀಲಿ," ಎಂದರು ಕೊನೆಗೆ. "ಸೋಮವಾರ ಬರಾವಗ ಬರಬ್ಯಾಡ ಅಂತೀನಿ. ನಾ ಆಡಿದ ಮಾತು ಆಡೀನಿ."

ಆ ದಿನದಿಂದ ಹಳೆಯ ಇಟ್ಟಿಗೆ ಭಟ್ಟಿಯ ಬಯಲಿನಲ್ಲಿ ನನ್ನ ಪಾಠ ನಡೆಯಿತು. ರುದ್ರಿ ಪಕ್ಕದಲ್ಲಿ ಕೂತು, ಸೀಟಿನ ಮೇಲೆ ಕಾಲು ಮಡಚಿಕೊಂಡು ಹೇಳುತ್ತಿದ್ದಳು. "ಕ್ಲಚ್ ಅಂದ್ರ ಹಸುಗೂಸಿನ ತಲಿ, ಒಮ್ಮೆಲೆ ಬಿಡಬ್ಯಾಡ್ರಿ." "ಎಡಕ್ಕ ಅಂದ್ನಿ. ಊಟ ಮಾಡೂ ಕೈ ಅಲ್ಲ, ಇನ್ನೊಂದು." "ವೈನಿ, ಅದು ಗ್ವಾಡಿ. ಗ್ವಾಡಿ ಸರಿಯೂದಿಲ್ಲ, ನೀವ ಸರೀಬೇಕು." ನಾನು ಒಂದು ದಿನ ಭಟ್ಟಿಯ ಗೋಡೆಯ ಮೂಲೆ ಕೆಡವಿದೆ. ನೋಡಲು ಬಂದಿದ್ದ ಹುಡುಗಿಯರು ಚಪ್ಪಾಳೆ ಹೊಡೆದರು. ಮೈಲಾರಿ ಹೋದಮೇಲೆ ನಾನು ಮೊದಲ ಸಲ ನಕ್ಕದ್ದು ಆಗ.

ಲಾರಿ ಓಡಿಸಲು ಅವಳು ನನಗೆ ಮೂರು ವರ್ಷದ ವಾಯಿದೆ ಹಾಕಿದ್ದಳು. ಅಷ್ಟರಲ್ಲಿ ತನಗೆ ಇಪ್ಪತ್ತೊಂದು ತುಂಬುತ್ತದೆ, ಆಮೇಲೆ ನೀವು ಬೇಕಾದರೆ ಪುಸ್ತಕ ಓದುತ್ತ ಪಕ್ಕದಲ್ಲಿ ಕೂಡ್ರಿ ಎಂದಿದ್ದಳು. ಈಗ ಕೈಗಡದ ಮಾತನ್ನು ಅವಳು ಎತ್ತುತ್ತಿರಲಿಲ್ಲ. ಯಾರೂ ಎತ್ತುತ್ತಿರಲಿಲ್ಲ. ನಾನು ಪ್ರತಿದಿನ ಬಾಗಿಲಿಗೆ ಎರಡು ಸಲ ಬಡಿದು ಲಾರಿ ಹತ್ತುತ್ತಿದ್ದೆ. ಬಡಿದಾಗಲೆಲ್ಲ ಯಾರೋ ನನಗಿಂತ ಮೊದಲು ಹತ್ತಿ ಕೂತ ಹಾಗಿರುತ್ತಿತ್ತು.

ಕಲಿತೆ ಎಂದು ರುದ್ರಿ ಒಪ್ಪಿದ ಮೇಲೆ ಸಾರಿಗೆ ಕಚೇರಿಯವರೂ ಒಪ್ಪಿದರು. ಮೆಣಸಿನಕಾಯಿ ಚೀಲ ತುಂಬಿ ಹಗ್ಗ ಬಿಗಿದದ್ದಾಯಿತು. ಹೊರಡುವ ಬೆಳಿಗ್ಗೆ ಬುತ್ತಿ ಕಟ್ಟುತ್ತ ರುದ್ರಿ ಮೆಲ್ಲಗೆ ಕೇಳಿದಳು. "ಬಾಳವ್ವಂದು ಯಾವಾಗ ಕೊಡ್ತೀರಿ ವೈನಿ?"

"ಈ ಹಂಗಾಮು ಮುಗೀಲಿ," ಎಂದೆ.

ಅವಳು ರೊಟ್ಟಿಯ ಗಂಟನ್ನು ಇನ್ನೊಮ್ಮೆ ಬಿಚ್ಚಿ ಕಟ್ಟಿದಳು. ನಾನು ಎದ್ದು ಹೋಗಿ ಲಾರಿಯಿಂದ ಮೈಲಾರಿಯ ಟವೆಲ್ ತಂದೆ. ಒಗೆದಿರಲಿಲ್ಲ. ಡೀಸೆಲ್ಲಿನ ವಾಸನೆ ಇತ್ತು, ಅವನದೂ ಇತ್ತು.

ಮಿರ್ಚಿ ಅಂಗಡಿಯಲ್ಲಿ ಇನ್ನೂ ಗಿರಾಕಿಗಳು ಬಂದಿರಲಿಲ್ಲ. ಈರವ್ವ ಸ್ಟೂಲಿನ ಮೇಲೆ ಕೂತು ಹೂ ಕಟ್ಟುತ್ತಿದ್ದಳು. ಬಾಳವ್ವ ಬಾಣಲೆಗೆ ಎಣ್ಣೆ ಸುರಿದು ಒಲೆ ಹಚ್ಚಿದ್ದಳು. ನಾನು ಬೆಂಚಿನ ಮೇಲೆ ಕೂತು ಟವೆಲ್ ಹಾಸಿ ಕೈ ಒಳಗಿಟ್ಟೆ.

ಬಾಳವ್ವ ನೋಡಿದಳು. "ನಾ ಯಾರಿಗೂ ಏನೂ ಕೊಟ್ಟಿಲ್ಲ," ಎಂದಳು. ಆದರೆ ಕೈಗಂಟಿದ ಹಿಟ್ಟು ಸೆರಗಿಗೆ ಒರೆಸಿಕೊಂಡು ಬಂದು ಎದುರಿಗೆ ಕೂತಳು.

ಅವಳ ಕೈ ಒರಟಾಗಿತ್ತು, ಬಿಸಿಯಾಗಿತ್ತು. ನಾನು ಮೂರು ಬೆರಳು ಕೊಟ್ಟೆ. ಅವಳು ಎರಡನ್ನು ಹಿಡಿದಳು. ಮೂರನೆಯದನ್ನು ಮೆಲ್ಲಗೆ ಮಡಚಿ ನನ್ನ ಅಂಗೈಯೊಳಗೆ ಸೇರಿಸಿದಳು. ಮುಖ ಬೇರೆ ಕಡೆ ಇತ್ತು. ಎರಡು ಬಂದರೆ ಅವಳಿಗೆ ಸಾಕು, ಮತ್ತೆ ಹಿರಿಯಳಾಗುತ್ತಾಳೆ. ಒಂದನ್ನು ನನಗೆ ಬಿಡುತ್ತಿದ್ದಳು. ನನಗೇಕೆ ಬೇಕು ಎನ್ನುವುದು ಅವಳಿಗೆ ಗೊತ್ತಿತ್ತು.

ನಾನು ಆ ಬೆರಳನ್ನು ಅಂಗೈಯೊಳಗೇ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತೆ. ದಾರಿಯ ಮೇಲೆ ರುದ್ರಿ ಗಾಲಿಗಳ ಗಾಳಿ ನೋಡುತ್ತಿದ್ದಳು. ಆಮೇಲೆ ಬೆರಳು ಬಿಚ್ಚಿ ಬಾಳವ್ವನ ಮುಷ್ಟಿಯೊಳಗೆ ಇಟ್ಟೆ.

ಅವಳು ಹಿಡಿದಳು.

ಮೊಣಕಾಲು ಹಗುರವಾಯಿತು. ಬಾಳವ್ವನ ಹಣೆಯ ಮೇಲೆ ಒಂದು ಗೆರೆ ಬಂದು ಕೂತಿತು, ಕಣ್ಣಿನ ಸುತ್ತ ಇನ್ನೆರಡು. ಅವಳು ಸೊಂಟ ಹಿಡಿದುಕೊಂಡು ನಿಧಾನವಾಗಿ ಎದ್ದಳು. ನಿಂತು ಅಂಗಡಿಯನ್ನೆಲ್ಲ ಒಮ್ಮೆ ನೋಡಿದಳು.

"ಈರೀ," ಎಂದಳು. "ಎಣ್ಣಿ ಹೊಗಿ ಆಡಾಕತ್ತೈತಿ. ಬೆಂಕಿ ಸಣ್ಣ ಮಾಡು."

ಈರವ್ವ ಏನೋ ಹೇಳಲು ಬಾಯಿ ತೆರೆದು ತಿರುಗಿದಳು. ಎದುರಿಗೆ ನಿಂತವಳ ಮುಖ ನೋಡಿದಳು. ಕಟ್ಟುತ್ತಿದ್ದ ಹೂವು ಮಡಿಲಿನಿಂದ ಜಾರಿತು. ಸ್ಟೂಲಿನಿಂದ ಎದ್ದು ನಿಂತಳು.

"ಹೂಂ, ಅಕ್ಕಾ," ಎಂದಳು.